ಲೆಸೋಥೊ ಪ್ರವಾಸ: ಬಳಕೆದಾರರ ಕೈಪಿಡಿ (ವಿದ್ಯಾನಗರ ಆವೃತ್ತಿ)

ಮೊದಲು ಓದಿ: ಈ ಕೈಪಿಡಿ ಹುಬ್ಬಳ್ಳಿಯ ವಿದ್ಯಾನಗರದ ಕುಟುಂಬಗಳಿಗೆ ಮಾತ್ರ. ಧಾರವಾಡದವರು ಬಳಸಿದರೆ ಪರಿಣಾಮಕ್ಕೆ ನಾವು ಹೊಣೆಯಲ್ಲ. ಅವರು ಮೊದಲು ವಿಚಾರ ಸಂಕಿರಣ ಮುಗಿಸಿ ಆಮೇಲೆ ಟಿಕೆಟ್ ತೆಗೆಸುವವರು.

1. ದೇಶವನ್ನು ಗುರುತಿಸುವುದು
ನಕಾಶೆಯಲ್ಲಿ ದಕ್ಷಿಣ ಆಫ್ರಿಕಾ ಹುಡುಕಿ. ಅದರೊಳಗೆ ಬೇರೆ ಬಣ್ಣದ ಒಂದು ತುಣುಕು ಕಾಣುತ್ತದೆ. ಅದು ಅಚ್ಚಿನ ತಪ್ಪಲ್ಲ, ಲೆಸೋಥೊ. ಸುತ್ತ ನಾಲ್ಕೂ ಕಡೆ ಒಂದೇ ದೇಶ, ಸಮುದ್ರದ ಸುಳಿವಿಲ್ಲ. ವಿಸ್ತೀರ್ಣ 30,355 ಚದರ ಕಿ.ಮೀ.; ಕರ್ನಾಟಕದಲ್ಲಿ ಇಂಥವು ಆರು ಹಿಡಿಯುತ್ತವೆ. ಇಡೀ ದೇಶದ ಅತಿ ತಗ್ಗಿನ ಜಾಗವೇ ಸುಮಾರು 1,400 ಮೀಟರ್ ಎತ್ತರದಲ್ಲಿದೆ.

2. ಮನೆಯವರನ್ನು ಒಪ್ಪಿಸುವುದು
"ಗೋವಾಕ್ಕ ಹೋಗೂಣು, ಅಲ್ಲಿ ಸಮುದ್ರನರ ಐತಿ" ಎಂಬ ಆಕ್ಷೇಪ ಬಂದೇ ಬರುತ್ತದೆ. ವಾದ ಬೇಡ. ನಮಗೂ ಗೋವಾಕ್ಕೂ ನೀರಿನ ಜಗಳವಿರುವ ಮಹದಾಯಿ ನದಿಯ ಹೆಸರಷ್ಟೇ ಎತ್ತಿ, ಗೋವಾ ರದ್ದಾಗುತ್ತದೆ. ಅಜ್ಜನಿಗೆ ಇತಿಹಾಸ ಹೇಳಿ: ಕಿತ್ತೂರಿನಲ್ಲಿ ಚೆನ್ನಮ್ಮ ಬ್ರಿಟಿಷರನ್ನು ಮಣಿಸಿದ 1824ರಲ್ಲೇ ಲೆಸೋಥೊದ ನಾಯಕ ಮೊಶ್ವೆಶ್ವೆ ಥಾಬಾ ಬೋಸಿಯು ಎಂಬ ಚಪ್ಪಟೆ ಗುಡ್ಡ ಏರಿ ಅದನ್ನೇ ಕೋಟೆ ಮಾಡಿಕೊಂಡ. ನೆರೆಯ ಬಿಳಿಯ ವಲಸಿಗರಾದ ಬೋಯರರ ಕಾಟ ಹೆಚ್ಚಿದಾಗ ಅವನು ಬ್ರಿಟಿಷರ ಆಸರೆಯನ್ನೇ ಬೇಡಿದ, 1868ರಲ್ಲಿ ಪಡೆದ. ಈ ಭಾಗವನ್ನು ಅಜ್ಜ ಊಟ ಮುಗಿಸಿದ ಮೇಲೆ ಹೇಳಿ.

3. ಕಾಗದಪತ್ರ
ಲೆಸೋಥೊಗೆ ಸಾಮಾನ್ಯ ದಾರಿ ದಕ್ಷಿಣ ಆಫ್ರಿಕಾದ ಮೂಲಕವೇ. ಎರಡೂ ವೀಸಾ ಮಾಡಿಸಿ. ದಕ್ಷಿಣ ಆಫ್ರಿಕಾದ್ದು ಎರಡನೇ ಸಲವೂ ಒಳಗೆ ಬಿಡುವಂಥದ್ದಿರಲಿ. ಇಲ್ಲದಿದ್ದರೆ ಮರಳುವಾಗ ಗಡಿಯಲ್ಲಿ ನಿಂತು ಮೊಶ್ವೆಶ್ವೆಯ ಗುಡ್ಡದ ಮೇಲೇ ಬಾಡಿಗೆ ಮನೆ ಹುಡುಕಬೇಕಾದೀತು. ಅಡಿಸ್ ಅಬಾಬಾದಲ್ಲಿ 12 ಗಂಟೆ ಮೀರಿ ಕಾಯುವ ವಿಮಾನ ಹಿಡಿದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲೇ ಅದಕ್ಕೆ ಬೆಲೆ.

4. ಸಾಮಾನು
ನಮ್ಮಲ್ಲಿ ಮುಂಗಾರು ಹಿಡಿದಾಗ ಅಲ್ಲಿ ಚಳಿಗಾಲ, ಗುಡ್ಡಗಳ ಮೇಲೆ ಹಿಮ. ಜನ ಉಣ್ಣೆಯ ಕಂಬಳಿ ಹೊದ್ದು ಕುದುರೆ ಏರುತ್ತಾರೆ. ಅಜ್ಜನ ಕಂಬಳಿ ಒಯ್ಯಿರಿ, ಯಾರೂ ತಿರುಗಿ ನೋಡುವುದಿಲ್ಲ. ಊಟಕ್ಕೆ ಪಾಪಾ ಎಂಬ ಮೆಕ್ಕೆಜೋಳದ ಗಟ್ಟಿ ಅಡುಗೆ, ಜೊತೆಗೆ ಮೊರೊಹೊ ಎಂಬ ಸೊಪ್ಪಿನ ಪಲ್ಯ. ಸಂಗಟಿ ಉಂಡು ಬೆಳೆದವರಿಗೆ ತರಬೇತಿ ಬೇಡ. ಶೇಂಗಾ ಚಟ್ನಿ ಮಾತ್ರ ಮರೆಯಬೇಡಿ.

5. ಹೊರಡುವ ಮುಹೂರ್ತ
ಪಂಚಾಂಗ ಬದಿಗಿಡಿ, ನಳ ಬರುವ ದಿನ ನೋಡಿ. ಟಾಕಿ ತುಂಬಿದ ಮೇಲೇ ಬಾಗಿಲಿಗೆ ಕೀಲಿ. ಮರಳುವ ದಿನವೂ ನಳದ ಸರದಿಗೆ ಹೊಂದಬೇಕು; ವಿಮಾನ ಕಂಪನಿಗಳಿಗೆ ಈ ಲೆಕ್ಕ ತಿಳಿಯದು. ನಿಮ್ಮ ಮನೆಗೆ ಇಪ್ಪತ್ನಾಲ್ಕು ತಾಸೂ ನೀರಿದ್ದರೆ ಈ ಕಲಂ ಬಿಡಿ, ಆದರೆ ನೆಂಟರಿಗೆ ಹೇಳಬೇಡಿ.

6. ನೋಡುವುದು
ಮಲೆತ್ಸುನ್ಯಾನೆ ಜಲಪಾತ 192 ಮೀಟರ್. "ನಮ್ಮ ಜೋಗ 253" ಎಂದು ಗೈಡಿಗೆ ಒಂದೇ ಸಲ ಹೇಳಿ ಸುಮ್ಮನಾಗಿ. ಮುಂದೆ ಕಾತ್ಸೆ ಅಣೆಕಟ್ಟು: ಎತ್ತರ 185 ಮೀಟರ್, ಸಂಗ್ರಹ ಸುಮಾರು 69 ಟಿಎಂಸಿ. ನಮಗೆ ಕುಡಿಯಲು ಕೊಡುವ, ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದ್ದು ಸುಮಾರು 38. ಕಾತ್ಸೆಯ ನೀರು ಸುರಂಗದಲ್ಲಿ ಹರಿದು ಜೋಹಾನ್ಸ್‌ಬರ್ಗ್ ಸೀಮೆಗೆ ಹೋಗುತ್ತದೆ. ಲೆಸೋಥೊಗೆ ರಾಯಧನ ಬರುತ್ತದೆ. 1986ರಲ್ಲಿ ಎರಡು ದೇಶಗಳು ಸಹಿ ಹಾಕಿ ಮುಗಿಸಿದ ಕೆಲಸವಿದು. ಇಲ್ಲಿ ಮಹದಾಯಿಯಲ್ಲಿ 13.42 ಟಿಎಂಸಿ ನಮ್ಮದೆಂದು ನ್ಯಾಯಮಂಡಳಿ 2018ರಲ್ಲೇ ಹೇಳಿದೆ. ಅದನ್ನು ತರಬೇಕಾದ ಕಳಸಾ-ಬಂಡೂರಿ ಯೋಜನೆಯ ನೀರಿನ್ನೂ ನಳಕ್ಕೆ ಬಂದಿಲ್ಲ.

ಎಚ್ಚರಿಕೆ: ಈ ಹೋಲಿಕೆಯನ್ನು ಅತಿಯಾಗಿ ಬಳಸಬೇಡಿ. 1986ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ಲೆಸೋಥೊದ ಗಡಿ ಬಿಗಿದಿತ್ತು, ಅಲ್ಲಿಯ ಸರ್ಕಾರವನ್ನು ಸೇನೆ ಉರುಳಿಸಿತ್ತು. ಅಕ್ಟೋಬರಿನಲ್ಲಿ ಸಹಿ ಹಾಕಿದ್ದು ಆ ಸೇನೆಯ ಸರ್ಕಾರ. ಕೊರಳು ಹಿಡಿದವನ ಜೊತೆಗಿನ ವ್ಯಾಪಾರ ಬೇಗನೇ ಮುಗಿಯುತ್ತದೆ.

7. ದೋಷ ಪತ್ತೆ
ಸಮಸ್ಯೆ: ಅಷ್ಟು ದೊಡ್ಡ ಜಲಾಶಯದ ಮಗ್ಗುಲಿನ ಹಳ್ಳಿಗಳಲ್ಲೂ ಹೆಂಗಸರು ನೀರು ಹೊತ್ತು ಗುಡ್ಡ ಹತ್ತುತ್ತಿದ್ದಾರೆ.
ಪರಿಹಾರ: ಮೊಬೈಲ್ ಕಿಸೆಗೆ ಹಾಕಿ. ಇದು ಪ್ರವಾಸಿಯಿಂದ ರಿಪೇರಿಯಾಗುವ ದೋಷವಲ್ಲ.

ಸಮಸ್ಯೆ: ನಾವು ಕುಡಿಯುವ ನೀರಿನ ಮಗ್ಗುಲಿಗೂ ಹೀಗೇ ಇದ್ದೀತೇ ಎಂಬ ಸಂಶಯ ಕಾಡುತ್ತದೆ.
ಪರಿಹಾರ: ಸವದತ್ತಿಗೆ ವೀಸಾ ಬೇಡ, ಬಸ್ ಇದೆ.