ಮಣ್ಣಿನ ಮನಿಗೆ ಹೆಣ್ಣು ಯಾರು ಕೊಡ್ತಾರ?

ವಳಕಮದಿನ್ನಿ, ಮಸ್ಕಿ, ಸಿಂಧನೂರು ಸೀಮೆಯ ಹಳೇ ಮನೆಗಳಿಗೆ ಆರ್ಕಿಟೆಕ್ಟ್ ಇರಲಿಲ್ಲ, ಇದ್ದದ್ದು ಬಿಸಿಲೊಂದೇ. ಅದು ಹೆದರಿಸಿದ್ದಕ್ಕೇ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಎದ್ದವು, ಜಂತಿಯ ಮೇಲೆ ಮಣ್ಣಿನ ಮಾಳಿಗೆ ಕೂತಿತು, ನಡುಮನೆಯ ನೆತ್ತಿಗೊಂದು ಬೆಳಕಿಂಡಿ ಬಂತು. ಅದರಿಂದಿಳಿದ ಬಿಸಿಲುಕೋಲು ನೆಲದ ಮೇಲೆ ಎಲ್ಲಿಗೆ ಸರಿದಿದೆ ಎಂದು ನೋಡಿಯೇ ಅಜ್ಜಿಯರು ರೊಟ್ಟಿ ಹಂಚು ಒಲೆಗೇರಿಸುತ್ತಿದ್ದರು. ಮಳೆ ಹನಿದರೆ ಮಾತ್ರ ಕಿಂಡಿ ಮುಚ್ಚಲು ಯಾರಾದರೂ ಮಾಳಿಗೆ ಹತ್ತಲೇಬೇಕು. ಆ ‘ಯಾರಾದರೂ’ ಯಾವಾಗಲೂ ಮನೆಯ ಕಿರಿಮಗನೇ!

ಈಗ ಆರ್‌ಸಿಸಿ ಕಾಲ. ಹಗಲೆಲ್ಲ ಉಂಡ ಬಿಸಿಲನ್ನು ಸ್ಲ್ಯಾಬು ನಡುರಾತ್ರಿಯವರೆಗೂ ತೇಗುತ್ತದೆ. ಅತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಘಟಕದ ವಿಜ್ಞಾನಿಗಳು ಮಣ್ಣಿಗೆ ಚೂರು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡಿ ತೋರಿಸಿದರು. ಕಾಸುಳ್ಳವರು ಈಗ ಅಂಥ ಮನೆಗೆ ಮುಗಿಬೀಳುತ್ತಾರೆ. ನಮ್ಮ ಎರೆಮಣ್ಣು ಮಾತ್ರ ಇದಕ್ಕೆ ಸುಲಭಕ್ಕೆ ಒಗ್ಗದು: ನೀರು ಕಂಡರೆ ಉಬ್ಬುವುದು, ಬಿಸಿಲು ಕಂಡರೆ ಬಿರಿಯುವುದು, ಥೇಟ್ ಮದುವೆಮನೆಯ ಬೀಗರು.

ಇಷ್ಟನ್ನೂ ಕಾಕಾನಿಗೆ ವಿವರಿಸಿ, ನಾವು ಕಟ್ಟಲಿರುವ ಮನೆಗೂ ಮಣ್ಣಿನ ಗೋಡೆ, ಬೆಳಕಿಂಡಿ ಇಡೋಣವೆಂದೆ.

“ತಮ್ಮಾ, ಮಣ್ಣಿನ ಮನಿ ನೋಡಿದ್ರ ನಿನಗ ಹೆಣ್ಣು ಯಾರು ಕೊಡ್ತಾರ? ಮೊದ್ಲು ಸ್ಲ್ಯಾಬ್ ಹಾಕ್ಸು, ಮದುವಿ ಆಗು. ಆಮ್ಯಾಲೆ ಬೇಕಾದ್ರ ತೂತು ಹೊಡಿಯೂಣಂತ!”