ಮೇಲಿಂದ ಕೆಳಕ್ಕೆ ಹರಿವ ಹಣದ ಜಲಶಾಸ್ತ್ರ: ಭೀಮಾತೀರದ ಒಂದು ಪರಾಮರ್ಶೆ

ಮೇಲಿನವರಿಗೆ ತೆರಿಗೆ ಬಿಟ್ಟರೆ ಆ ಹಣ ಹೂಡಿಕೆಯಾಗಿ, ಹೂಡಿಕೆ ಉದ್ಯೋಗವಾಗಿ, ಉದ್ಯೋಗ ಕೂಲಿಯಾಗಿ ಕೆಳಗಿನವರಿಗೆ ತಾನಾಗಿ ಹರಿದುಬರುತ್ತದೆ ಎಂಬುದು ಪೂರ್ವಾಚಾರ್ಯರ ಮತ. ಕೆಳಗು ಎಂಬುದು ಎಲ್ಲಿದೆ ಎಂದು ಮಾತ್ರ ಅವರು ಹೇಳಲಿಲ್ಲ. ಆ ಕೊರತೆಯನ್ನು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ತುಂಬಿಕೊಟ್ಟಿದೆ: ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇವೆ. ಹಣ ಇಳಿಯುವುದೇ ಆದರೆ ಇಲ್ಲಿಗೇ ಇಳಿಯಬೇಕು.

ದೃಷ್ಟಾಂತಕ್ಕೆ ಭೀಮಾ ನದಿ. ಭೀಮಾಶಂಕರದಲ್ಲಿ ಹುಟ್ಟಿ, ಉಜನಿ ಜಲಾಶಯದಲ್ಲಿ ತಂಗಿ, ಗಾಣಗಾಪುರದಲ್ಲಿ ಆಳಂದದ ಅಮರ್ಜೆಯನ್ನು ಕೂಡಿಕೊಂಡು ಜೇವರ್ಗಿಯ ಕಡೆ ಸಾಗುವ ಹೊಳೆ. ಬೇಸಿಗೆಯಲ್ಲಿ ಕೆಳಗಿನವರು ನೀರು ಬಿಡಿ ಎಂದು ಮೊರೆಯಿಡುತ್ತಾರೆ, ಗೇಟು ಅಲ್ಲಾಡುವುದಿಲ್ಲ. 2020ರ ಅಕ್ಟೋಬರಿನಲ್ಲಿ ಮೇಲೆ ಹಿಡಿದಿಡಲಾಗದಷ್ಟು ತುಂಬಿತು, ಬಿಟ್ಟರು. ತೊಗರಿ ಹೊಲ ಮುಳುಗಿ ಜನ ಕಾಳಜಿ ಕೇಂದ್ರ ಸೇರಿದರು. ಆದ್ದರಿಂದ ಹರಿವಿನ ಸಿದ್ಧಾಂತ ಸುಳ್ಳೆನ್ನುವಂತಿಲ್ಲ. ಗೇಟಿನ ಕೀಲಿ ಯಾರ ಕೈಯಲ್ಲಿದೆ ಎಂಬುದು ಶಾಸ್ತ್ರದ ವಿಷಯವಲ್ಲ.

ಇನ್ನು ಪ್ರಮಾಣಗಳು. 2015ರ ಕೇಂದ್ರ ಬಜೆಟ್ಟು ಸಂಪತ್ತು ತೆರಿಗೆಯನ್ನು ರದ್ದುಮಾಡಿ, ಕಂಪನಿ ತೆರಿಗೆಯನ್ನು ಶೇ. 30ರಿಂದ 25ಕ್ಕೆ ಇಳಿಸುವ ಮಾತು ಕೊಟ್ಟಿತು. ಅದೇ ಬಜೆಟ್ಟಿನಲ್ಲಿ ಅಂಗನವಾಡಿಗಳ ಐಸಿಡಿಎಸ್ ಯೋಜನೆಯ ಹಣ 18 ಸಾವಿರ ಕೋಟಿ ಚಿಲ್ಲರೆಯಿಂದ 8 ಸಾವಿರ ಕೋಟಿ ಚಿಲ್ಲರೆಗೆ ಬಂತು. (ರಾಜ್ಯಗಳ ತೆರಿಗೆ ಪಾಲು ಶೇ. 42ಕ್ಕೆ ಏರಿದೆ, ಅವೇ ನೋಡಿಕೊಳ್ಳಲಿ ಎಂಬುದು ಇದಕ್ಕೆ ಆಗಿನ ಭಾಷ್ಯ.) 2019ರ ಸೆಪ್ಟೆಂಬರ್ 20ರಂದು ಕಂಪನಿ ತೆರಿಗೆ ಶೇ. 22ಕ್ಕಿಳಿಯಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬಿಟ್ಟಂತಾಯಿತೆಂದು ಸರ್ಕಾರವೇ ಲೆಕ್ಕ ಕೊಟ್ಟಿತು.

ಅಂಗನವಾಡಿಯ ಮಗುವಿನ ಪೌಷ್ಟಿಕ ಆಹಾರಕ್ಕೆ 2017ರಲ್ಲಿ ನಿಗದಿಯಾದ ದರ ದಿನಕ್ಕೆ 8 ರೂಪಾಯಿ, ವರ್ಷಕ್ಕೆ 300 ದಿನ. ಭಾಗಿಸಿ ನೋಡಿ: ಬಿಟ್ಟ ತೆರಿಗೆಯಲ್ಲಿ 60 ಕೋಟಿ ಮಕ್ಕಳಿಗೆ ವರ್ಷವಿಡೀ ಉಣಿಸಬಹುದಿತ್ತು. ದೇಶದಲ್ಲಿ ಆರು ವರ್ಷದೊಳಗಿನ ಮಕ್ಕಳು ಅಷ್ಟಿಲ್ಲ. ಉಣ್ಣಲು ಮಕ್ಕಳೇ ಸಾಲದಿರುವಾಗ ಹಣ ಇಟ್ಟುಕೊಂಡು ಸರ್ಕಾರ ಮಾಡುವುದೇನು? ತೆರಿಗೆ ಬಿಟ್ಟದ್ದು ಗಣಿತಸಮ್ಮತ.

ಒಂದು ಅಪವಾದ ದಾಖಲಿಸಬೇಕು. ರಾಶಿ ಮುಗಿದ ಮೇಲೆ ಈ ಭಾಗದ ಜನ ಗಂಟು ಕಟ್ಟಿಕೊಂಡು, ಕೂಸುಗಳನ್ನು ಬಗಲಿಗೇರಿಸಿಕೊಂಡು ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಹಣ ಇಳಿದುಬರುವುದು ತಡವಾಯಿತೆಂದು ಜನರೇ ಹೊಳೆಗೆ ಎದುರಾಗಿ ಮೇಲಕ್ಕೆ ಹರಿಯುತ್ತಿದ್ದಾರೆ. ಇವರನ್ನು ಊರಲ್ಲೇ ನಿಲ್ಲಿಸಬೇಕಿದ್ದ ಉದ್ಯೋಗ ಖಾತ್ರಿಗೆ 2022ರ ಬಜೆಟ್ಟಿನಲ್ಲಿ 73 ಸಾವಿರ ಕೋಟಿ ಇತ್ತು, 2023ರಲ್ಲಿ 60 ಸಾವಿರ ಕೋಟಿ ಆಯಿತು. ಸಹಜ ಪ್ರವಾಹಕ್ಕೆ ಒಡ್ಡು ಹಾಕಬಾರದೆಂಬ ಎಚ್ಚರ ಇದರಲ್ಲಿ ಎದ್ದು ಕಾಣುತ್ತದೆ.

ಆಕ್ಷೇಪ ಬಂದದ್ದು ಒಂದೇ. ಕೇಂದ್ರವು 2018ರಲ್ಲಿ ತಿಂಗಳಿಗೆ 2,250 ರೂಪಾಯಿ ಗೌರವಧನ ನಿಗದಿಪಡಿಸಿದ ವರ್ಗಕ್ಕೆ ಸೇರಿದ ಅಂಗನವಾಡಿ ಸಹಾಯಕಿಯೊಬ್ಬರದು: “ಸರ, ನೀವು ಹೇಳೂದು ಖರೆ ಇರ್ಬೇಕ್ರಿ. ಎಂಟ್ ರೂಪಾಯಿದಾಗ ಒಂದ್ ತತ್ತಿ ತಂದ್ರ, ಬ್ಯಾಳಿ ಎಣ್ಣಿ ಯಾರ್ ಕೊಡ್ತಾರ್ರಿ?”

ಇದನ್ನು ಲಿಖಿತವಾಗಿ, ಮೂರು ಪ್ರತಿಗಳಲ್ಲಿ ಸಲ್ಲಿಸುವಂತೆ ಸೂಚಿಸಿದ್ದೇವೆ. ಜೆರಾಕ್ಸಿನ ಖರ್ಚು ಅವರದೇ.