ಮಾತಾಡದ ಹೇಳಿಕೆಯ ಜೊತೆ ಒಂದು ಮಾತುಕತೆ

ಸೇನೆಯಲ್ಲಿ ದುಡಿದು ಕಾಯಿಲೆ ಹತ್ತಿಸಿಕೊಂಡು ಬಂದವನಿಗೆ ಅಂಗವೈಕಲ್ಯ ಪಿಂಚಣಿ ಕೊಡಬೇಕೋ ಬೇಡವೋ ಎಂಬ ವ್ಯಾಜ್ಯ ಓದುಗರಿಗೆ ಬಾಯಿಪಾಠವಾಗಿದೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೊಡಿ ಅನ್ನುತ್ತದೆ, ಸರ್ಕಾರ ಹೈಕೋರ್ಟಿಗೆ ಓಡುತ್ತದೆ; ಹೈಕೋರ್ಟೂ ಕೊಡಿ ಅಂದರೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಾವಳಿ ಬಂದ ಮೇಲಾದರೂ ಗೊಂದಲ ತಗ್ಗೀತು ಅಂದುಕೊಂಡವರಿಗೆ ನಿರಾಸೆಯೇ ಆಗಿದೆ. ಈ ಜಗಳದಲ್ಲಿ ನಾವು ಬೈಯುವುದು ಮೆಡಿಕಲ್ ಬೋರ್ಡನ್ನು, ರಕ್ಷಣಾ ಸಚಿವಾಲಯವನ್ನು, ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕದ ಕಚೇರಿಯನ್ನು. ಮೂವರೂ ಬೈಸಿಕೊಳ್ಳಲು ಯೋಗ್ಯರೇ. ಆದರೆ ಪ್ರಕರಣದ ಮೊದಲ ಸಾಕ್ಷಿಯನ್ನು ಈವರೆಗೆ ಯಾರೂ ಮಾತಾಡಿಸಿಲ್ಲ. ಬೋರ್ಡಿನ ಮುಂದೆ ನಿಲ್ಲುವ ಜವಾನನ ಬಗ್ಗೆ ಅವನ ಯೂನಿಟ್‌ನ ಕಮಾಂಡಿಂಗ್ ಆಫೀಸರ್ (ಸಿ.ಓ.) ಬರೆದುಕೊಡಬೇಕಾದ ಹೇಳಿಕೆಯೇ ಆ ಸಾಕ್ಷಿ. ಗುಬ್ಬಿ ಕಡೆಯ ಕಾಲ್ಪನಿಕ ಮಾಜಿ ಹವಾಲ್ದಾರರೊಬ್ಬರ ಪ್ಲಾಸ್ಟಿಕ್ ಕವರಿನಿಂದ ಎದ್ದು ಬಂದ ಅದರ ಜೆರಾಕ್ಸ್ ಪ್ರತಿಯನ್ನು ತುಮಕೂರಿನ ಕ್ಯಾತ್ಸಂದ್ರದಲ್ಲಿ ಕೂರಿಸಿ ಮಾತಾಡಿಸಲಾಯಿತು. ತಟ್ಟೆ ಇಡ್ಲಿ ಮುಂದಿಟ್ಟರೆ, ಬೆಣ್ಣೆಯ ಕಲೆ ಬಿದ್ದರೆ ರೆಕಾರ್ಡ್ ಆಫೀಸಿನವರು ವಾಪಸ್ ಕಳಿಸುತ್ತಾರೆಂದು ಅದು ದೂರ ಸರಿಯಿತು.

ಪ್ರಶ್ನೆ: ನಮಸ್ಕಾರ. ಮೊದಲು ನಿಮ್ಮ ಕೆಲಸವೇನು ಅನ್ನುವುದನ್ನು ನೀವೇ ಹೇಳಿಬಿಡಿ. ಕಾಯಿಲೆ ನೋಡುವುದಕ್ಕೆ ಡಾಕ್ಟರುಗಳ ಬೋರ್ಡೇ ಇರುವಾಗ ನಡುವೆ ನೀವೇಕೆ?

ಹೇಳಿಕೆ: ಎಲ್ಲರೂ ಇದನ್ನೇ ಕೇಳ್ತಾರೆ ಸಾರ್, ಸಿ.ಓ. ಸಾಹೇಬರೂ ಸೇರಿ. ಬೋರ್ಡ್ ತೀರ್ಮಾನಿಸಬೇಕಾದ್ದು ಎರಡು ವಿಷಯ. ಒಂದು, ಕಾಯಿಲೆ ಯಾವುದು, ಶೇಕಡ ಎಷ್ಟು. ಅದು ಡಾಕ್ಟರ ವಿದ್ಯೆ, ಅಲ್ಲಿ ನಾನು ಬಾಯಿ ಹಾಕಲ್ಲ. ಎರಡನೆಯದು, ಆ ಕಾಯಿಲೆ ಸೇವೆಯಿಂದ ಬಂತೋ, ಸೇವೆಯಿಂದ ಉಲ್ಬಣಿಸಿತೋ, ಎರಡೂ ಅಲ್ಲವೋ ಅನ್ನೋದು. ಡಾಕ್ಟರು ಸ್ಟೆತಸ್ಕೋಪ್ ಇಟ್ಟರೆ ಎದೆಬಡಿತ ಕೇಳುತ್ತೆ; ಹಿಂದಿನ ವಾರ ಅವನು ಎಷ್ಟು ರಾತ್ರಿ ಕಾವಲು ನಿಂತಿದ್ದ ಅನ್ನೋದು ಕೇಳಲ್ಲ. ಅದು ಗೊತ್ತಿರೋದು ಯೂನಿಟ್‌ಗೆ. ಅದಕ್ಕೇ ಹೃದಯದ ಕಾಯಿಲೆಯಾದರೆ ಅದು ಶುರುವಾಗುವ ಮುಂಚಿನ 14 ದಿನ ಏನೇನು ಕೆಲಸ ಮಾಡಿದ ಅನ್ನೋ ಪಟ್ಟಿಯನ್ನು ಪರಿಶೀಲಿಸಬೇಕು ಅಂತ ಸೇನಾ ವೈದ್ಯರ ಮಾರ್ಗದರ್ಶಿಯೇ ಹೇಳುತ್ತೆ. ಪೆಟ್ಟಾದರೆ ಇಂಜುರಿ ರಿಪೋರ್ಟ್, ಮನಸ್ಸಿನ ಕಾಯಿಲೆಯಾದರೆ ಅವನ ನಡವಳಿಕೆ ಬಗ್ಗೆ ಸಿ.ಓ. ವರದಿ. ಎಲ್ಲದರ ಬೇರೂ ನಮ್ಮ ಮನೆತನದಲ್ಲೇ. ಇಷ್ಟು ದೊಡ್ಡ ಜವಾಬ್ದಾರಿ ಕೊಟ್ಟು, ಬರೆಯೋಕೆ ಬಿಟ್ಟಿರೋ ಜಾಗ ಎಷ್ಟು ಗೊತ್ತಾ? ‘ಕರ್ತವ್ಯದಲ್ಲಿ ಅಸಾಧಾರಣ ಒತ್ತಡ, ಶ್ರಮ ಇತ್ತೇ?’ ಅಂತ ಪ್ರಶ್ನೆ. ಮುಂದೆ ಒಂದು ಗೆರೆ. ಆ ಗೆರೆ ಮೇಲೆ ‘ಇಲ್ಲ’. ಅಲ್ಲಿಗೆ ನನ್ನ ಜನ್ಮ ಸಾರ್ಥಕ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಾಗಿಲು ಕಾಯೋ ಭಟನ ಪಾತ್ರಕ್ಕೂ ಇದಕ್ಕಿಂತ ಉದ್ದದ ಮಾತು ಇದ್ದಿರಬೇಕು.

ಪ್ರಶ್ನೆ: ಆ ‘ಇಲ್ಲ’ವನ್ನು ಸಿ.ಓ. ಯೋಚಿಸಿಯೇ ಬರೆದಿರಬಹುದಲ್ಲ?

ಹೇಳಿಕೆ: ಯೋಚಿಸಿ? ಅದನ್ನು ಟೈಪ್ ಮಾಡಿದವನು ಹೆಡ್ ಕ್ಲರ್ಕ್. ಹೋದ ವರ್ಷ ಬೋರ್ಡಿಗೆ ಹೋದ ನಾಯಕ್ ಒಬ್ಬನ ಹಾಳೆಯನ್ನು ಕಂಪ್ಯೂಟರಿನಲ್ಲಿ ತೆರೆದ. ಹೆಸರು ಬದಲಾಯಿಸಿದ, ನಂಬರ್ ಬದಲಾಯಿಸಿದ. ಕೆಲಸದ ವಿವರ, ಒತ್ತಡ, ವಸತಿ ಎಲ್ಲ ಆ ನಾಯಕ್‌ನದೇ. ಆ ನಾಯಕ್ ಅಡುಗೆ ವಿಭಾಗದವನು, ನನ್ನ ಹವಾಲ್ದಾರ ಸಿಗ್ನಲ್‌ನವನು. ನನಗೆ ಪ್ರಯಾಗ್‌ರಾಜ್ ಮೇಲೆ ಸಿಟ್ಟಿಲ್ಲ, ಮಂತ್ರಿಗಳ ಮೇಲಿಲ್ಲ, ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್ ಮೇಲೂ ಇಲ್ಲ. ನನ್ನ ಸಿಟ್ಟೆಲ್ಲ ಆ ಹೆಡ್ ಕ್ಲರ್ಕ್ ಮೇಲೆ. ನನ್ನನ್ನು ಬರೆಯಬೇಕಾದವನು ನನ್ನನ್ನು ನಕಲು ಮಾಡಿದ.

ಪ್ರಶ್ನೆ: ಈಗ ನನಗೆ ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆ ನೆನಪಾಗುತ್ತಿದೆ. ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್ ಕಟ್ಟಿದ್ದು, 2023ರ ಫೆಬ್ರವರಿ 6ರಂದು ಪ್ರಧಾನಿ ಉದ್ಘಾಟಿಸಿದ್ದು. ಅಲ್ಲಿ ತಯಾರಿಸಲು ಹೊರಟಿರುವ ಲಘು ಹೆಲಿಕಾಪ್ಟರ್, ಸಿಯಾಚಿನ್‌ನಂಥ ಎತ್ತರದಲ್ಲಿ ಹಾರುತ್ತಿರುವ ಹಳೆಯ ಚೀತಾ, ಚೇತಕ್‌ಗಳ ಬದಲಿಗೆ ಬರಬೇಕಾದದ್ದು. ಹಾರುವ ಯಂತ್ರದ ಮುಖ್ಯ ಭಾಗಗಳಿಗೆ ಲಾಗ್ ಕಾರ್ಡ್ ಇರುತ್ತದೆ. ಎಷ್ಟು ಗಂಟೆ ಹಾರಿತು, ಯಾವಾಗ ಬಿಚ್ಚಿದರು, ಏನು ದೋಷ ಕಂಡಿತು, ಎಲ್ಲ ಆಯಾ ದಿನವೇ ದಾಖಲಾಗುತ್ತದೆ. ಗೇರ್‌ಬಾಕ್ಸ್ ಕೈಕೊಟ್ಟ ಮೇಲೆ ‘ಇದಕ್ಕೆ ಅಸಾಧಾರಣ ಒತ್ತಡ ಇತ್ತೇ?’ ಎಂದು ಯಾರೂ ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ. ಕಾರ್ಡ್ ತೆಗೆದು ನೋಡುತ್ತಾರೆ. ಅದೇ ಹೆಲಿಕಾಪ್ಟರಿನಲ್ಲಿ ಇಳಿದು ಹಿಮದಲ್ಲಿ ತಿಂಗಳುಗಟ್ಟಲೆ ನಿಂತ ಮನುಷ್ಯನಿಗೆ ಮಾತ್ರ ಲಾಗ್ ಕಾರ್ಡ್ ಇಲ್ಲ. ಗುಬ್ಬಿಯ ಕಾರ್ಖಾನೆಯ ವಿಷಯ ಬಂತಲ್ಲ, ಅಲ್ಲಿನ ಉದ್ಯೋಗದಲ್ಲಿ ನಮ್ಮ ಜಿಲ್ಲೆಯ ಹುಡುಗರಿಗೆ…

ಹೇಳಿಕೆ: ಸಾರ್, ಸಂದರ್ಶನ ನನ್ನದು.

ಪ್ರಶ್ನೆ: ಕ್ಷಮಿಸಿ. ಕಾನೂನಿಗೆ ಬರೋಣ. 1982ರ ಅರ್ಹತಾ ನಿಯಮಗಳು ಸೈನಿಕನ ಪರವಾಗಿಯೇ ಇದ್ದವಲ್ಲ? ಭರ್ತಿಯ ದಿನ ದಾಖಲೆಯಲ್ಲಿ ಕಾಯಿಲೆ ಬರೆದಿರದಿದ್ದರೆ ಅವನು ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು, ಸಾಬೀತು ಮಾಡುವ ಹೊಣೆ ಅವನ ಮೇಲಿಲ್ಲ, ಸಂಶಯ ಉಳಿದರೆ ಅದರ ಲಾಭ ಅವನಿಗೆ. ಇಷ್ಟಿದ್ದ ಮೇಲೆ ನಿಮ್ಮ ಒಂದು ‘ಇಲ್ಲ’ದಿಂದ ಏನು ಮಹಾ ನಷ್ಟ?

ಹೇಳಿಕೆ: ಸಂಶಯದ ಲಾಭ ಸಿಗಬೇಕಾದರೆ ಮೊದಲು ಸಂಶಯ ಉಳಿದಿರಬೇಕಲ್ಲ ಸಾರ್. ಸಿ.ಓ. ಸಹಿಯ ‘ಇಲ್ಲ’ ಆ ಬಾಗಿಲನ್ನೇ ಮುಚ್ಚುತ್ತೆ. ಬೋರ್ಡಿನವರು ಅದನ್ನು ನೋಡ್ತಾರೆ, ‘ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ, ಸೇವೆಗೆ ಸಂಬಂಧವಿಲ್ಲ’ ಅಂತ ಬರೀತಾರೆ. ಪೀಸ್ ಸ್ಟೇಷನ್, ಅಂದರೆ ಯುದ್ಧಭೂಮಿಯಲ್ಲದ ಠಾಣೆ, ಅನ್ನೋದೊಂದೇ ಕಾರಣ ಸಾಲದು, ಬೋರ್ಡ್ ಕಾರಣ ಬಿಡಿಸಿ ಹೇಳಬೇಕು ಅಂತ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಅದಕ್ಕೂ ಮುಂಚೆ ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಆ ಸಿಪಾಯಿ ಸಿಗ್ನಲ್ಸ್‌ಗೆ ಸೇರಿದ್ದು 1985ರಲ್ಲಿ, ಮೂರ್ಛೆರೋಗ ಅಂತ ಮನೆಗೆ ಕಳಿಸಿದ್ದು 1994ರಲ್ಲಿ. ಅಂಗವೈಕಲ್ಯ ಶೇಕಡ 20 ಅಂತ ಒಪ್ಪಿ, ಇದು ಅವನ ಶರೀರ ಪ್ರಕೃತಿಯದು, ಸೇವೆಯದಲ್ಲ ಅಂತ ಬೋರ್ಡ್ ಬರೆಯಿತು. ಕಾರಣ ಬರೆಯಲಿಲ್ಲ. ಅಂತಿಮ ತೀರ್ಪು ಬಂದಿದ್ದು 2013ರ ಜುಲೈನಲ್ಲಿ. ಎಲ್ಲ ತೀರ್ಪುಗಳೂ ಬೋರ್ಡಿಗೆ ಬುದ್ಧಿ ಹೇಳಿದವು. ‘ಬೋರ್ಡಿಗೆ ಕಾರಣ ಸಿಗಬೇಕಾದ ಹಾಳೆ ಖಾಲಿ ಇದ್ದರೆ ಅದು ಕಾರಣ ಎಲ್ಲಿಂದ ತರಬೇಕು?’ ಅನ್ನೋ ಪ್ರಶ್ನೆ ನನ್ನ ಹೊಟ್ಟೆಯಲ್ಲೇ ಉಳೀತು. ಅಷ್ಟಕ್ಕೂ ಆ ಹೆಡ್ ಕ್ಲರ್ಕ್…

ಇಲ್ಲಿ ಸಂದರ್ಶನದ ಧಾಟಿಯನ್ನು ಸ್ವಲ್ಪ ಹೊತ್ತು ಬದಿಗಿಡಬೇಕಾಗಿದೆ. 1985ರಲ್ಲಿ ಸೇರಿದ ಮತ್ತೊಬ್ಬ ಸಿಪಾಯಿ ಸಿಯಾಚಿನ್‌ನಲ್ಲಿ ನಿಂತ. ಅವನಿಗೂ ಮೂರ್ಛೆ ಬಂತು. 1989ರಲ್ಲಿ ಹೊರಗೆ ಹಾಕಿದರು. ಸುಪ್ರೀಂ ಕೋರ್ಟ್ ಅವನಿಗೆ ಪಿಂಚಣಿ ಕೊಡಿ ಎಂದದ್ದು 2025ರ ಏಪ್ರಿಲ್‌ನಲ್ಲಿ, ಹೊರಬಿದ್ದ 36 ವರ್ಷಕ್ಕೆ. ಜಗತ್ತಿನ ಅತಿ ಎತ್ತರದ ಯುದ್ಧಭೂಮಿಯಲ್ಲಿ ನಿಂತವನ ಮೂರ್ಛೆಗೂ ಅವನ ಸೇವೆಗೂ ಸಂಬಂಧವಿದೆಯೇ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಕೂತು ಯೋಚಿಸಬೇಕಾಯಿತು; ಸರ್ಕಾರದ ವಕೀಲರು ಎದ್ದು ನಿಂತು ಇಲ್ಲ ಎಂದು ವಾದಿಸಿದರು, ಅದಕ್ಕೆ ಸಂಭಾವನೆಯನ್ನೂ ನಾವೇ ಕೊಟ್ಟೆವು. ಇದರಲ್ಲಿ ನಗುವಂಥದ್ದೇನೂ ಇಲ್ಲ. ದುಡ್ಡಿನ ಲೆಕ್ಕವನ್ನಾದರೂ ನೋಡಿ. ಶೇಕಡ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇಕಡ 30 ಎಂಬುದು ಬಹುಕಾಲ ನಡೆದುಬಂದ ದರ. ಶೇಕಡ 20 ಇದ್ದವನದನ್ನು 50ಕ್ಕೆ ಏರಿಸಿ ಲೆಕ್ಕ ಹಾಕಿದರೂ ಅಂಗವೈಕಲ್ಯದ ಬಾಬ್ತಿನಲ್ಲಿ ಅವನಿಗೆ ಸಿಗುವುದು ವೇತನದ ಶೇಕಡ 15. ಕೊನೆಯ ವೇತನ 40,000 ರೂಪಾಯಿ ಇದ್ದವನಿಗೆ ತಿಂಗಳಿಗೆ 6,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ಈ ಮೊತ್ತ ಉಳಿಸಲು ಭಾರತ ಸರ್ಕಾರ ಮೂರ್ಛೆರೋಗಿಯ ಎದುರು ಕೋರ್ಟಿನಲ್ಲಿ ನಿಲ್ಲುತ್ತದೆ. ಗಡಿ ಕಾದವನನ್ನು ಹೊಗಳುವ ಭಾಷಣಗಳಿಗೆ ಇಷ್ಟೂ ಮಿತವ್ಯಯ ತೋರುವುದಿಲ್ಲ.

ಪ್ರಶ್ನೆ: ಸರಿ, ಎದುರು ಪಕ್ಷದ ವಾದವನ್ನೂ ಕೇಳೋಣ. ಅಂಗವೈಕಲ್ಯ ಪಿಂಚಣಿಯ ದುರುಪಯೋಗ ಆಗಿದೆ ಎನ್ನುವವರಿದ್ದಾರೆ. ನಿವೃತ್ತಿಗೆ ಸ್ವಲ್ಪ ಮುಂಚೆ ದೊಡ್ಡ ದೊಡ್ಡ ಅಧಿಕಾರಿಗಳಿಗೇ ರಕ್ತದೊತ್ತಡ, ಮಧುಮೇಹ ಕಾಣಿಸಿಕೊಳ್ಳುತ್ತವೆ, ತೆರಿಗೆ ವಿನಾಯಿತಿಯ ಆಸೆಯೂ ಇರುತ್ತದೆ, ಅದಕ್ಕೇ 2023ರ ನಿಯಮ ಬಿಗಿಯಾಯಿತು ಎನ್ನುತ್ತಾರೆ. ನೀವು ಉದಾರವಾಗಿ ಬರೆಯಲು ಶುರುಮಾಡಿದರೆ ಖಜಾನೆಯ ಗತಿ?

ಹೇಳಿಕೆ: ನಾನು ಉದಾರವಾಗಿ ಬರೀಬೇಕು ಅಂತ ಯಾವಾಗ ಅಂದೆ? ವಿವರವಾಗಿ ಬರೀಬೇಕು ಅಂದೆ. ಎರಡಕ್ಕೂ ಅಜಗಜಾಂತರ. ಇಪ್ಪತ್ತು ವರ್ಷ ಕಚೇರಿ ಮೇಜಿನ ಹಿಂದೆ ಕೂತು ಕೊನೆಗೆ ಬಿ.ಪಿ. ಬಂದವರ ಕೆಲಸದ ಪಟ್ಟಿಯನ್ನು ದಿನಾಂಕ ಹಾಕಿ ಬರೆದರೆ ಪಟ್ಟಿಯೇ ಅವರ ಅರ್ಜಿಯನ್ನು ತಡೆಯುತ್ತೆ. ಮೂರು ಚಳಿಗಾಲ ಎತ್ತರದಲ್ಲಿ ಕಳೆದ ಹವಾಲ್ದಾರನ ಪಟ್ಟಿ ಬರೆದರೆ ಪಟ್ಟಿಯೇ ಅವನ ಪರ ವಾದಿಸುತ್ತೆ. ಇಬ್ಬರ ಹಾಳೆಯಲ್ಲೂ ಒಂದೇ ‘ಇಲ್ಲ’ ಇದ್ದಾಗ ಏನಾಗುತ್ತೆ? ಒಳ್ಳೆ ವಕೀಲರನ್ನಿಡೋ ಶಕ್ತಿ ಇದ್ದವರು ಗೆಲ್ತಾರೆ. ಕುಣಿಗಲ್ ತಾಲ್ಲೂಕಿನ ಹಳ್ಳಿಯಲ್ಲಿ ರಾಗಿ ಹೊಲ ನೋಡಿಕೊಂಡಿರೋ ನಿವೃತ್ತ ಸಿಪಾಯಿ ಮೊದಲನೇ ಅಪೀಲಿನ ಆರು ತಿಂಗಳ ಗಡುವು ಮುಗಿದ ಮೇಲೆ ಇಂಗ್ಲಿಷ್ ಪತ್ರ ಓದಿಸೋಕೆ ಯಾರನ್ನೋ ಹುಡುಕ್ತಿರ್ತಾನೆ. ಖಜಾನೆ ಉಳಿಸಬೇಕು ಅನ್ನೋರೇ ನನ್ನನ್ನು ತುಂಬಿಸಿ ಅಂತ ಮೊದಲು ಕೇಳಬೇಕಿತ್ತು.

ಪ್ರಶ್ನೆ: ಇನ್ನೂ ಬಲವಾದ ಆಕ್ಷೇಪವೊಂದಿದೆ. ಸಿ.ಓ. ವೈದ್ಯರಲ್ಲ. ಮೇಲಾಗಿ, ‘ಈ ಕೆಲಸದಿಂದ ಈ ಮನುಷ್ಯನಿಗೆ ಅಸಾಧಾರಣ ಒತ್ತಡವಾಯಿತೇ?’ ಎಂದು ನೀವು ಕೇಳುತ್ತಿರುವುದು ಆ ಕೆಲಸ ಕೊಟ್ಟವರನ್ನೇ. ಹೌದು ಎಂದರೆ, ‘ಹಾಗಿದ್ದರೆ ರಜೆ ಯಾಕೆ ಕೊಡಲಿಲ್ಲ? ಬದಲಿ ಯಾಕೆ ಕಳಿಸಲಿಲ್ಲ?’ ಎಂದು ಮೇಲಿನವರು ಅವರನ್ನೇ ಕೇಳುತ್ತಾರೆ. ತಮ್ಮ ಮೇಲೆ ತಾವೇ ದೂರು ಬರೆದುಕೊಳ್ಳಿ ಎಂದರೆ ಯಾರು ಬರೆಯುತ್ತಾರೆ? ಅವರಿಗೆ ನೂರಾರು ಜನರ ಹೊಣೆಯೂ ಇದೆ.

ಹೇಳಿಕೆ: ಇದೊಂದು ಪ್ರಶ್ನೆಗೆ ನಿಮಗೆ ಸೆಲ್ಯೂಟ್ ಸಾರ್. ತಪ್ಪು ಸಾಹೇಬರದಲ್ಲ, ನನ್ನೊಳಗಿನ ಪ್ರಶ್ನೆಯದೇ. ನಾನು ಕೇಳ್ತಿರೋದು ಅಭಿಪ್ರಾಯ, ಕೇಳಬೇಕಾದ್ದು ಸಂಗತಿ. ‘ಒತ್ತಡ ಇತ್ತೇ?’ ಅನ್ನೋದನ್ನು ತೆಗೆದುಹಾಕಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಲ್ಲಿದ್ದ? ಎಷ್ಟು ಅಡಿ ಎತ್ತರ? ರಾತ್ರಿ ಪಾಳಿ ಎಷ್ಟು? ಕೇಳಿದ ರಜೆ ಎಷ್ಟು, ಸಿಕ್ಕಿದ್ದೆಷ್ಟು? ಮೊದಲ ಬಾರಿ ಬಿದ್ದಾಗ ಏನು ಮಾಡ್ತಿದ್ದ, ಪಕ್ಕದಲ್ಲಿ ಯಾರಿದ್ದರು? ಮುಂಚೆ ಹೇಗಿದ್ದ, ಆಮೇಲೆ ಯಾವ ಕೆಲಸ ಅವನಿಂದ ಆಗದೆ ಹೋಯಿತು? ಇದಕ್ಕೆಲ್ಲ ಉತ್ತರ ಡ್ಯೂಟಿ ರಿಜಿಸ್ಟರಿನಲ್ಲಿದೆ, ರಜೆ ಪುಸ್ತಕದಲ್ಲಿದೆ. ಹೀಗೆ ಕೇಳಿದರೆ ಸಾಹೇಬರು ಯಾರ ಮೇಲೂ ದೂರು ಬರೆದ ಹಾಗಾಗಲ್ಲ, ವೈದ್ಯರ ಕೆಲಸಕ್ಕೂ ಕೈ ಹಾಕಿದ ಹಾಗಾಗಲ್ಲ. ಒತ್ತಡವೋ ಅಲ್ಲವೋ ಅನ್ನೋದನ್ನು ಬೋರ್ಡು ತೀರ್ಮಾನಿಸಲಿ. ಇನ್ನೊಂದು ಮಾತು: ಇದನ್ನು ಕಾಯಿಲೆ ಕಂಡ ವಾರವೇ ಬರೀಬೇಕು. ಬೋರ್ಡಿನ ಹೊತ್ತಿಗೆ ಆಗಿನ ಸಾಹೇಬರು ವರ್ಗವಾಗಿರ್ತಾರೆ, ಹೊಸಬರು ಅವನ ಮುಖವನ್ನೇ ನೋಡಿರಲ್ಲ. ನೋಡದವರು ಬೇರೆ ಏನು ಬರೆಯೋಕೆ ಸಾಧ್ಯ, ‘ಇಲ್ಲ’ ಬಿಟ್ಟು?

ಪ್ರಶ್ನೆ: ಕುಣಿಗಲ್ ಅಂದಿರಲ್ಲ, ಅದಕ್ಕೆ ಕೇಳುತ್ತೇನೆ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸಿದ ಫಾರಂ ಇರುವ ಊರದು. ಆಮೇಲೆ ರೇಸಿನ ಕುದುರೆಗಳು ಅಲ್ಲಿಂದ ಬಂದವು. ಆ ತಳಿಯ ಮರಿ ಹುಟ್ಟಿದರೆ ತಂದೆ, ತಾಯಿ, ಹುಟ್ಟಿದ ದಿನ, ಮೈಮೇಲಿನ ಗುರುತು ಸಮೇತ ತಳಿಪುಸ್ತಕದಲ್ಲಿ ನೋಂದಣಿಯಾಗಬೇಕು. ಇಲ್ಲದಿದ್ದರೆ ಅದಕ್ಕೆ ಓಡುವ ಹಕ್ಕೇ ಇಲ್ಲ. ಆ ಜಾಗದಲ್ಲಿ ಟೌನ್‌ಶಿಪ್ ಮಾಡಬೇಕು ಎಂಬ ಮಾತೂ ಎದ್ದಿತ್ತು. ಅಂಥ ಪರಂಪರೆಯ ಹಸಿರು ಬಯಲಿಗೆ ಲೇಔಟ್ ಕಲ್ಲು ನೆಡುವುದೆಂದರೆ…

ಹೇಳಿಕೆ: ಬಂದ್ರಿ ನೋಡಿ ಮತ್ತೆ. ಮೊದಲು ಹೆಲಿಕಾಪ್ಟರ್, ಈಗ ಕುದುರೆ. ಯಂತ್ರಕ್ಕೆ ಲಾಗ್ ಕಾರ್ಡ್, ಪ್ರಾಣಿಗೆ ತಳಿಪುಸ್ತಕ, ಒಪ್ಪಿದೆ. ಟೌನ್‌ಶಿಪ್ ವಿಷಯಕ್ಕೆ ಬೇರೆ ಅಂಕಣ ಬರ್ಕೊಳ್ಳಿ. ನಿಮ್ಮ ಓದುಗರಲ್ಲಿ ಯಾರಾದ್ರೂ ಇನ್ನೂ ಸೇವೆಯಲ್ಲಿರೋರು, ಕಾಯಿಲೆಯಿಂದ ಲೋ ಮೆಡಿಕಲ್ ಕೆಟಗರಿಗೆ ಇಳಿದೋರು ಇದ್ದರೆ ಇಷ್ಟು ಹೇಳಿ: ಆಸ್ಪತ್ರೆಗೆ ಸೇರಿದ ದಿನದ ಕಾಗದ, ಡ್ಯೂಟಿ ಚಾರ್ಟ್, ತಿರಸ್ಕೃತ ರಜೆ ಅರ್ಜಿ ಎಲ್ಲದರ ಪ್ರತಿ ಇಟ್ಕೊಳ್ಳಿ. ಬೋರ್ಡಿಗೆ ಹೋಗೋ ಮುಂಚೆ ನನ್ನಲ್ಲಿ ಏನು ಬರೆದಿದೆ ಅಂತ ಕೇಳಿ ಓದಿಸ್ಕೊಳ್ಳಿ. ಬೋರ್ಡಿನ ನಡಾವಳಿ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಹೆಡ್ ಕ್ಲರ್ಕ್ ಸಿಕ್ಕಿದರೆ ನಾನು ಕೇಳ್ದೆ ಅಂತ ಹೇಳಿ.

ಪ್ರಶ್ನೆ: ಏನೆಂದು ಕೇಳಿದಿರಿ ಎನ್ನಬೇಕು?

ಹೇಳಿಕೆ: ಅಡುಗೆ ವಿಭಾಗದ ಆ ನಾಯಕ್‌ನ ಹಾಳೆಯನ್ನಾದ್ರೂ ಅವನನ್ನು ಕೇಳಿ ಬರೆದಿದ್ರಾ, ಅಥವಾ ಅದೂ ಅದಕ್ಕೂ ಹಿಂದಿನ ವರ್ಷದ್ದಾ ಅಂತ.